ಇನ್ನೊಂದೇ ಸೀಟು

ಕಡಗಂಚಿಯಿಂದ ಆಳಂದಕ್ಕೆ ಟಂಟಂ ಆಟೋ ಹೊಡೆಯುವ ದಶರಥ ಅಂದರೆ ನಮ್ಮ ಮನೆಯವರು. ಅವರ ಗಾಡಿ ಹತ್ತಿದವರಿಗೆಲ್ಲ ಒಂದು ಮಾತು ಬಾಯಿಪಾಠವಾಗಿದೆ: "ಇನ್ನೊಂದೇ ಸೀಟು, ಹೊಂಟೆ." ಆ ಒಂದು ಸೀಟು ಬಂದ ಮೇಲೆ ಮತ್ತೂ ಒಂದೇ ಸೀಟು ಬೇಕಾಗಿರುತ್ತದೆ. ಅಲ್ಲಿನ ಯೂನಿವರ್ಸಿಟಿಯ ಹುಡುಗರು ಕಾದು ಕಾದು ಸಾಕಾಗಿ, ಕೆಳಗಿಳಿದು ತಾವೇ "ಆಳಂದ, ಆಳಂದ" ಎಂದು ಕೂಗಿ ಸೀಟು ತುಂಬಿಸಿಕೊಟ್ಟದ್ದೂ ಉಂಟು. ಖಾಲಿ ಗಾಡಿಯೊಂದು ರಸ್ತೆಯಲ್ಲಿ ಹೋಗುವುದನ್ನು ಕಂಡರೆ ನಮ್ಮವರಿಗೆ ಪಾತ್ರೆ ಇಡದೆ ಒಲೆ ಉರಿಸುವುದನ್ನು ಕಂಡಷ್ಟು ಸಂಕಟ.

ನಮ್ಮ ಸಂಸಾರವೂ ಹೀಗೇ ನಡೆದಿದೆ. ಮದುವೆಯಾದ ವರ್ಷ "ನಿನಗ ಹೈದರಾಬಾದ ತೋರಸ್ತೇನಿ" ಅಂದಿದ್ದರು. ಹದಿನೇಳು ವರ್ಷ ಯಾವ ಸೀಟಿಗಾಗಿ ಕಾಯುತ್ತಿದ್ದರೋ ಗೊತ್ತಿಲ್ಲ.

ಸುಳ್ಳು ಹೇಳಬಾರದು, ಎರಡು ಸಲ ಕರೆದುಕೊಂಡು ಹೋಗಿದ್ದರು. ಎರಡೂ ಸಲ ಮಲಕಪೇಟದ ಹಿಂದಿನ ಗಲ್ಲಿಯಲ್ಲಿರುವ ಜಗದೇವನ ಮನೆಗೆ. ಜಗದೇವ ಇವರ ಚಿಕ್ಕಪ್ಪನ ಮಗ, ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಅಂತ ಹೋಗಿ ಅಲ್ಲೇ ನೆಲೆನಿಂತವನು. ಊರಿಂದ ವೈನಿ, ಅಂದರೆ ಅತ್ತಿಗೆ, ಬಂದಾಳೆ ಅಂದರೆ ಸಾಕು, ಅವನ ಜೊತೆ ಕೆಲಸ ಮಾಡುವ ನಮ್ಮ ಕಡೆಯವರಿಗೆಲ್ಲ ಬಿಸಿ ಜೋಳದ ರೊಟ್ಟಿಯ ಆಸೆ. ಮೊದಲ ಸಲ ಅವನ ಮಗಳ ತೊಟ್ಟಿಲಿಗೆ ಹೋಗಿ ಎರಡು ದಿನ ರೊಟ್ಟಿ ಬಡಿದೆ. ಎರಡನೇ ಸಲ ಅದೇ ಮಗಳ ಹುಟ್ಟುಹಬ್ಬಕ್ಕೆ ಹೋಗಿ ಒಂದೂವರೆ ದಿನ ಬಡಿದೆ. ಅಡುಗೆಮನೆಯ ಕಿಟಕಿಯಿಂದ ಎದುರು ಮನೆಯ ಕಪ್ಪು ನೀರಿನ ಟಾಕಿ ಕಾಣುತ್ತಿತ್ತು. ಊರಿಗೆ ಬಂದ ಮೇಲೆ ಪಕ್ಕದ ಮನೆಯ ನಿಂಬೆವ್ವ, "ಹ್ಯಾಂಗದ ಬೇ ಹೈದರಾಬಾದ?" ಎಂದು ಕೇಳಿದಳು. "ಭಾಳ ಛಲೋ ಅದ. ಕರ್ರಗ ಅದ, ಮ್ಯಾಲ ಮುಚ್ಚಳ ಅದ" ಅಂದೆ.

ಇಷ್ಟಾದರೂ ಮೂರನೇ ಸಲ ಹೋಗಲೇಬೇಕೆಂದು ನಾನು ಹಟ ಹಿಡಿದದ್ದಕ್ಕೆ ನಾಲ್ಕು ವರ್ಷದ ಗುಲನಾಜಳೇ ಕಾರಣ.

ನಾನು ಅಂಗನವಾಡಿ ಟೀಚರ್. ನಮ್ಮ ಗೋಡೆಯ ಮೇಲೆ ವಾಹನಗಳ ಚಿತ್ರಪಟವೊಂದಿದೆ. ಬಸ್ಸು, ರೈಲು, ವಿಮಾನ, ಕೆಳಗಿನ ಮೂಲೆಯಲ್ಲಿ ದೋಣಿ. ಹನ್ನೊಂದು ವರ್ಷದಿಂದ ಕಡ್ಡಿಯಲ್ಲಿ ತೋರಿಸಿ "ದೋ-ಣಿ" ಅನ್ನಿಸುತ್ತಿದ್ದೇನೆ. ಯಾವ ಮಗುವೂ ಏನೂ ಕೇಳಿರಲಿಲ್ಲ. ಗುಲನಾಜ ಕೇಳಿದಳು: "ಟೀಚರ್, ನೀವು ಇದ್ರಾಗ ಕುಂತೀರೇನ್ರಿ?"

ಅಫಜಲಪುರದ ಕಡೆ ಹುಟ್ಟಿದ್ದರೆ ಭೀಮಾ ಹೊಳೆಯಲ್ಲಾದರೂ ಕೂತಿರುತ್ತಿದ್ದೆ. ಆಳಂದದ ಕಲ್ಲುನೆಲದಲ್ಲಿ ದೋಣಿ ಎಲ್ಲಿಂದ ಬರಬೇಕು? ಆದರೆ ಇಪ್ಪತ್ತೆರಡು ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದವು. ಬಾಯಿಗೆ ಬಂತು, "ಹೂಂ, ಕುಂತೇನಿ" ಅಂದುಬಿಟ್ಟೆ.

ಅಲ್ಲಿಂದ ಶುರುವಾಯಿತು. ದಿನಾ ಬೆಳಗಾದರೆ ಒಂದು ಪ್ರಶ್ನೆ. ಅಲ್ಲಾಡ್ತದೇನ್ರಿ? ಸಪ್ಪಳ ಹ್ಯಾಂಗ ಬರ್ತದ್ರಿ? ಕಾಲು ನೀರಾಗ ಇಟ್ಟಿದ್ರೇನ್ರಿ? ನಾನು ಒಂದು ದಿನ ಅಲ್ಲಾಡುತ್ತದೆ ಅಂದೆ, ಇನ್ನೊಂದು ದಿನ ಮರೆತು ಅಲ್ಲಾಡುವುದಿಲ್ಲ ಅಂದೆ. ಗುಲನಾಜ ನನ್ನನ್ನು ನೋಡಿದಳು. ಅಂಗನವಾಡಿಯ ಸೂಪರ್‌ವೈಸರ್ ಕೂಡ ನನ್ನನ್ನು ಎಂದೂ ಹಾಗೆ ನೋಡಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ: "ಹೈದರಾಬಾದದಾಗ ಕೆರಿ ನಡುವ ಬುದ್ಧ ಇದ್ದಾನಲ್ರಿ, ಅಲ್ಲಿಗೆ ದೋಣ್ಯಾಗ ಹೋಗ್ಬೇಕು. ಒಂದು ದಿನ ಸಾಕು. ಯಾರ ಮನಿಗೂ ಹೋಗೂದಿಲ್ಲ, ಬುತ್ತಿ ಕಟ್ಟಿಕೊಂಡು ಹೋಗೂದು, ರಾತ್ರಿ ರೈಲಿಗೆ ವಾಪಸ್."

"ಬುದ್ಧ ನಮ್ಮ ಗ್ವಾಡಿ ಮ್ಯಾಲ ಇದ್ದಾನಲ್ಲ ಬೇ."

"ಗ್ವಾಡಿ ಮ್ಯಾಲಿನ ಬುದ್ಧಗ ದೋಣಿ ಇಲ್ಲ."

ಒಂಬತ್ತನೇ ತರಗತಿಯ ನಮ್ಮ ಮಗಳು ಅನುರಾಧಾ ತಾಟಿನ ಮೇಲೆ ಬಗ್ಗಿ ನಕ್ಕಳು. ಅವರಪ್ಪ ಬೆರಳೆಣಿಸಿ ಲೆಕ್ಕ ಹಾಕಿ, "ಆತು. ಆದ್ರ ಖರ್ಚು ನಾ ಹೇಳಿದಂಗ" ಅಂದರು.

"ಹೂಂ. ಆದ್ರ ಜಗದೇವಗ ಫೋನ್ ಮಾಡಂಗಿಲ್ಲ. ಮಾಡಿದ್ರೋ, ನಾ ಅಲ್ಲೇ ಇಳದು ತಿರುಗಿ ಬರ್ತೇನಿ."

ಭಾನುವಾರ ನಸುಕಿನಲ್ಲಿ ಹೊರಟೆವು. ಕಲಬುರಗಿವರೆಗೆ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ನಾನೂ ಅನುರಾಧಾ ಪುಕ್ಕಟೆ. ನಮ್ಮವರೊಬ್ಬರೇ ಟಿಕೆಟ್ ತೆಗೆದು, ದಾರಿಯುದ್ದಕ್ಕೂ ನಮ್ಮಿಬ್ಬರನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತ ಬಂದರು. ಆಮೇಲೆ ರೈಲಿನ ಜನರಲ್ ಡಬ್ಬಿ. ನನ್ನ ಫೋನನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದೆ, ಭಾನುವಾರವೂ ಯಾರಾದರೊಬ್ಬರು ಅಂಗನವಾಡಿ ಮಕ್ಕಳ ತೂಕದ ಲೆಕ್ಕ ಕೇಳದೆ ಬಿಡುವುದಿಲ್ಲ. ದೋಣಿಯ ದುಡ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರೊಟ್ಟಿಯ ಗಂಟಿನ ತಳದಲ್ಲಿ ಇಟ್ಟಿದ್ದೆ. ಅದು ನಮ್ಮವರ ಕಿಸೆಯಲ್ಲಿದ್ದರೆ ದಂಡೆಯ ಮೇಲೆ ನಿಂತು "ಇಲ್ಲಿಂದನೂ ಕಾಣ್ತಾನಲ್ಲ" ಅನ್ನುತ್ತಾರೆಂದು ಗೊತ್ತಿತ್ತು.

ಹೈದರಾಬಾದಿನ ಸಿಟಿ ಬಸ್ಸಿನಲ್ಲಿ ನಮ್ಮವರು ಕಂಡಕ್ಟರ್ ಕೇಳುವ ಮೊದಲೇ, "ದೋ ಲೇಡೀಜ್, ಕಾರ್ಡ್ ಹೈ" ಎಂದು ನಮ್ಮ ಆಧಾರ್ ಕಾರ್ಡು ಮುಂದೆ ಹಿಡಿದರು. ಕಂಡಕ್ಟರಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಭಯ್ಯಾ, ಯೇ ತುಮ್ಹಾರೇ ಗಾಂವ್ ಮೇಂ ಚಲ್ತಾ" ಅಂದು, ಕರ್ನಾಟಕದ ಕಾರ್ಡು ಇಲ್ಲಿ ನಡೆಯದೆಂದು, ಮೂರು ಟಿಕೆಟ್ ಹರಿದಳು. ನಮ್ಮವರ ಮುಖ ನೋಡಿ ಅನುರಾಧಾ ಕಿಟಕಿಯ ಕಡೆ ತಿರುಗಿ ನಕ್ಕಳು.

ಚಾರ್ಮಿನಾರ್ ಮುಂದೆ ನಿಂತೆವು. ಒಳಗೆ ಹೋಗೋಣ ಅಂದಳು ಅನುರಾಧಾ.

"ಹುಚ್ಚೀ, ಒಳಗ ಹೋದ್ರ ಚಾರ್ಮಿನಾರ್ ಕಾಣೂದ ಇಲ್ಲ. ಹೊರಗ ನಿಂತ್ರ ಪೂರಾ ಕಾಣ್ತದ" ಅಂದರು ಅವರಪ್ಪ.

ಬಳೆ ಬಜಾರಿನಲ್ಲಿ ಹೊಳೆಯುವುದನ್ನೆಲ್ಲ ಕಣ್ಣಿಂದಲೇ ಹಾಕಿಕೊಂಡೆವು. ಅನುರಾಧಾ ಅಂಗಡಿಯವರು ತೊಡಿಸಿದ ಬಳೆಗಳನ್ನೆಲ್ಲ ತೊಟ್ಟು, ಸಣ್ಣವಾದವು ದೊಡ್ಡವಾದವು ಎಂದು ಹೇಳಿ ತೆಗೆದು, ಎಂಟನೇ ಅಂಗಡಿಯಲ್ಲಿ ಕೊನೆಗೆ ಒಂದು ಡಜನ್ ಕೊಂಡಳು. ಒಂದು ಗೋಡೆಯ ನೆರಳಿನಲ್ಲಿ ಕೂತು ರೊಟ್ಟಿ, ಪುಂಡಿಸೊಪ್ಪಿನ ಪಲ್ಲೆ, ಶೇಂಗಾ ಹಿಂಡಿ ತಿಂದೆವು. ಎರಡು ಇರಾನಿ ಚಾ ತೆಗೆದುಕೊಂಡು ಮೂವರೂ ಕುಡಿದೆವು. ನನ್ನ ಕೈಗೆ ಹಿಟ್ಟು ಹತ್ತದೆ ಮಧ್ಯಾಹ್ನವಾಗಿತ್ತು. ಅದೊಂದಕ್ಕೇ ಆ ಊರು ನನಗೆ ಬಹಳ ಇಷ್ಟವಾಗತೊಡಗಿತು.

ದೋಣಿಯ ಜಾಗಕ್ಕೆ ಮೆಟ್ರೋದಲ್ಲಿ ಹೋಗೋಣ ಅಂದವರು ನಮ್ಮವರೇ. "ಡ್ರೈವರ್ ಅಂದ ಮ್ಯಾಲ ಒಮ್ಮೆ ನೋಡಬೇಕು ಅದನ್ನ" ಅಂದರು. ಸಿಟಿ ಬಸ್ ಸ್ಟ್ಯಾಂಡಿನ ಹತ್ತಿರದ ಸ್ಟೇಷನ್ನಿನಲ್ಲಿ ಮೂರು ಚೀಟಿ ತೆಗೆದು, ಗೇಟು ದಾಟಿದ ಮೇಲೆ ಮೂರನ್ನೂ ತಮ್ಮ ಕಿಸೆಯಲ್ಲಿಟ್ಟುಕೊಂಡರು. ರೈಲು ಬಂತು, ಬಾಗಿಲು ತೆರೆಯಿತು, ನಾನೂ ಅನುರಾಧಾ ಒಳಗೆ ಹೋಗಿ ಕೂತೆವು. ಅವತ್ತು ಕ್ರಿಕೆಟ್ ಫೈನಲ್. ಇಡೀ ಊರೇ ಟಿವಿ ಮುಂದೆ ಕೂತಿತ್ತು, ನಮ್ಮ ಡಬ್ಬಿಯಲ್ಲಿ ಐದಾರು ಜನ ಅಷ್ಟೇ. ನಮ್ಮವರು ಬಾಗಿಲಲ್ಲಿ ನಿಂತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದರು. ಅವರ ಕಣ್ಣು ಸೀಟು ಎಣಿಸುತ್ತಿತ್ತು.

"ಬರ್ರಿ ಒಳಗ" ಅಂದೆ.

"ಗಡಿಬಿಡಿ ಯಾಕ ಬೇ? ಒಂದು ಸೀಟೂ ತುಂಬಿಲ್ಲ, ಇದು ಈಗ ಹೋಗೂದ್ಯಾಂಗ? ಡ್ರೈವರನ ಕೇಬಿನ್ ನೋಡಿ ಬರ್ತೇನಿ, ತಡಿ."

"ಅಪ್ಪಾ, ಇದು ಟಂಟಂ ಅಲ್ಲ!" ಎಂದು ಅನುರಾಧಾ ಎದ್ದು ಓಡಿದಳು. ಬಾಗಿಲು ಮುಚ್ಚಿತು. ಗಾಜಿನ ಆಚೆ ನಮ್ಮವರು ಕೈ ಎತ್ತಿ, ಆಳಂದದ ಸರ್ಕಲ್ಲಿನಲ್ಲಿ ಗಾಡಿ ನಿಲ್ಲಿಸುವಂತೆ "ಹೋ, ಹೋ" ಅನ್ನುತ್ತಿದ್ದದ್ದು ಬಾಯಿಯ ಆಕಾರದಲ್ಲೇ ಗೊತ್ತಾಯಿತು. ಅಷ್ಟು ಖಾಲಿ ರೈಲು ತಮ್ಮ ಕಣ್ಣೆದುರೇ ಹೊರಟುಹೋದದ್ದಕ್ಕೆ ಅವರಿಗೆ ಹೆಚ್ಚು ದುಃಖವಾಯಿತೋ, ಹೆಂಡತಿ ಮಗಳು ಅದರೊಳಗಿದ್ದದ್ದಕ್ಕೋ, ನಾನು ಈತನಕ ಕೇಳಿಲ್ಲ.

"ಮುಂದಿನ ಸ್ಟೇಷನ್ನಿನಾಗ ಇಳಿಯೋಣ ಅವ್ವಾ?"

"ಇಳದು ಏನ್ ಮಾಡೂದು? ನಿಮ್ಮಪ್ಪ ಅಲ್ಲೇ ನಿಂತಿರ್ತಾರ."

"ಹಿಂದಿನ ರೈಲಿಗೆ ಬರೂದಿಲ್ಲೇನು?"

"ಇದ ಗಾಡಿ ವಾಪಸ್ ಬರ್ತದಂತ ಕಾಯ್ತಾರ."

ಕಡಗಂಚಿಗೆ ಹೋದ ಟಂಟಂ ಒಂದು ತಾಸಿಗೆ ತಿರುಗಿ ಅದೇ ಜಾಗಕ್ಕೆ ಬರುತ್ತದೆ. ಇಪ್ಪತ್ತು ವರ್ಷ ಹಾಗೆ ಬಂದಿದೆ. ನನ್ನ ಗಂಡನನ್ನು ನಾನು ಬಲ್ಲೆ.

ಕೆರೆಗೆ ಹತ್ತಿರದ ಸ್ಟೇಷನ್ ಲಕಡೀಕಾಪೂಲಿನಲ್ಲಿ ಇಳಿದೆವು. ಹೊರಗೆ ಹೋಗಲು ಚೀಟಿ ಬೇಕು, ಚೀಟಿಗಳು ನಮ್ಮವರ ಕಿಸೆಯಲ್ಲಿ. ಗೇಟಿನ ಹತ್ತಿರ ಒಬ್ಬ ಸೆಕ್ಯೂರಿಟಿ ಹೆಣ್ಣುಮಗಳು ನಿಂತಿದ್ದಳು. ಅನುರಾಧಾ ಶಾಲೆಯ ಹಿಂದಿಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಸೀಟು ತುಂಬುವ ಭಾಗಕ್ಕೆ ಬಂದಾಗ ಆ ಹೆಣ್ಣುಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ನಕ್ಕು ಮುಗಿಸಿ ತನ್ನ ಫೋನನ್ನು ಕೊಟ್ಟಳು. ನಂಬರ್ ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ಟಂಟಂ ಹಿಂದೆ ಕೆಂಪಕ್ಷರದಲ್ಲಿ ಬರೆಸಿದ್ದಾರೆ, ಆ ದಾರಿಯ ಮಂದಿಗೆಲ್ಲ ಅದು ಬಾಯಿಪಾಠ.

"ಎಲ್ಲಿದ್ದೀರಿ?"

"ಇಲ್ಲೇ ನಿಂತೇನಿ. ಅದು ಯಾವಾಗ ತಿರುಗಿ ಬರ್ತದ?"

"ಅದು ಬರೂದಿಲ್ರಿ. ಮುಂದಿನದ್ರಾಗ ಹತ್ತಿ ಬರ್ರಿ."

"ಮೂರು ಹೋದ್ವು. ಎಲ್ಲಾ ಖಾಲಿ ಬೇ! ಹಿಂಗ ಓಡಿಸಿದ್ರ ಡೀಜಲ್‌ಗೆ ಏನ್ ಉಳೀತದ ಇವರಿಗಿ?"

"ಅದು ಕರೆಂಟಿನ ಮ್ಯಾಲ ಓಡ್ತದ ಅಪ್ಪಾ" ಎಂದು ಅನುರಾಧಾ ಪಕ್ಕದಿಂದ ಕೂಗಿದಳು.

ಅತ್ತ ಕಡೆಯ ದನಿ ತಗ್ಗಿತು. "ನೀ ಸಿಟ್ಟು ಮಾಡಬ್ಯಾಡ. ನಿಮ್ಮನ್ನ ಎಲ್ಲಿ ಹುಡುಕೂದಂತ ತಿಳೀಲಿಲ್ಲ. ಜಗದೇವಗ ಫೋನ್ ಮಾಡಿದ್ನಿ. ಗಾಡಿ ತಗೊಂಡು ಬರಾಕತ್ತಾನ. ಮನ್ಯಾಗ ಕೋಳಿ ತಂದಾರಂತ. ವೈನಿ ಬಂದು ನಾಕು ರೊಟ್ಟಿ ಬಡದ್ರ ಸಾಕು ಅಂತ..."

ನನಗೆ ಕಪ್ಪು ನೀರಿನ ಟಾಕಿ ಕಣ್ಣ ಮುಂದೆ ಬಂದು ನಿಂತಿತು. ಅದರ ಮುಚ್ಚಳದ ಮೇಲೆ ಗುಲನಾಜ ಕೂತು ನನ್ನನ್ನೇ ನೋಡುತ್ತಿದ್ದಳು.

"ನಾವು ಬುದ್ಧನ ಕಡಿ ಹೊಂಟೇವಿ. ಬರೂದಿದ್ರ ಅಲ್ಲಿಗೆ ಬರ್ರಿ" ಎಂದು ಫೋನು ಇಟ್ಟೆ.

"ಅಪ್ಪನ್ನ ಬಿಟ್ಟು ಹೋಗೂದಾ ಅವ್ವಾ?"

"ಗಾಡಿ ತಪ್ಪಿದ ಪ್ಯಾಸೆಂಜರಿಗೆ ನಿಮ್ಮಪ್ಪ ಏನಂತಾರ?"

"'ಮುಂದಿನ ಗಾಡಿಗಿ ಬರ್ತಾರ ಬಿಡು' ಅಂತಾರ."

"ಹಂಗಾರ ನಡಿ."

ಸೆಕ್ಯೂರಿಟಿ ಹೆಣ್ಣುಮಗಳಿಗೆ ಎರಡು ರೊಟ್ಟಿಯ ಮೇಲೆ ಪುಂಡಿಪಲ್ಲೆ ಹಾಕಿ ಕೊಟ್ಟೆ. ಅವಳು ಮೂಸಿ ನೋಡಿ, ಪುಂಡಿಗೆ ತಮ್ಮ ತೆಲುಗಿನ ಹೆಸರು ಹಿಡಿದು "ಗೋಂಗೂರಾ!" ಎಂದು ಕಣ್ಣರಳಿಸಿದಳು. ಆದರೂ ಚೀಟಿಯಿಲ್ಲದೆ ಬಿಡುವ ಅಧಿಕಾರ ಅವಳಿಗಿರಲಿಲ್ಲ. ಕಿಟಕಿಯಲ್ಲಿ ಗಂಟಿನ ದುಡ್ಡು ಬಿಚ್ಚಿ ಮತ್ತೊಮ್ಮೆ ಕಟ್ಟಿ ಹೊರಗೆ ಬಂದೆವು. ಇದನ್ನು ನಮ್ಮವರಿಗೆ ಇನ್ನೂ ಹೇಳಿಲ್ಲ.

ಅರ್ಧ ತಾಸು ನಡೆದು ಕೆರೆ ಮುಟ್ಟಿದೆವು. ಅಷ್ಟು ನೀರು, ಅದರ ನಡುವೆ ಬುದ್ಧ, ಬಿಳಿ ಕಲ್ಲಿನವನು, ಯಾವ ಅವಸರವೂ ಇಲ್ಲದೆ ನಿಂತಿದ್ದ. ಗಂಟಿನ ತಳದ ದುಡ್ಡಿನಲ್ಲಿ ಎರಡು ಟಿಕೆಟ್ ಬಂತು, ಮೂರನೆಯದಕ್ಕೆ ಸಾಲಲಿಲ್ಲ. ಮೆಟ್ಟಿಲಿಳಿದು ನೋಡಿದರೆ ದೋಣಿಯಲ್ಲಿ ಹದಿನೈದು ಜನರೂ ಇರಲಿಲ್ಲ. ದೋಣಿಯವನು ಹಗ್ಗ ಹಿಡಿದು ದಂಡೆಯ ಮೇಲೆ ಕೂತು, ಕಿವಿಗೆ ಹಚ್ಚಿದ ಫೋನಿನಲ್ಲಿ ಮ್ಯಾಚ್ ಕೇಳುತ್ತಿದ್ದ.

"ಯಾವಾಗ ಬಿಡ್ತೀರಿ?" ಎಂದು ಅನುರಾಧಾ ಕೇಳಿದಳು.

"ಔರ್ ದಸ್ ಆದ್ಮಿ ಹೋನಾ ಅಮ್ಮಾ. ಆಖ್ರೀ ಟ್ರಿಪ್. ನೈ ಭರಾ ತೋ ಪೈಸೇ ವಾಪಸ್."

ಇನ್ನೂ ಹತ್ತು ಜನ ಬರದಿದ್ದರೆ ಈ ಕೊನೆಯ ಟ್ರಿಪ್ಪು ಇಲ್ಲ, ದುಡ್ಡು ವಾಪಸ್. ನಾನೂ ಅನುರಾಧಾ ಒಬ್ಬರ ಮುಖ ಒಬ್ಬರು ನೋಡಿದೆವು. ಲಕ್ಷಗಟ್ಟಲೆ ಗಾಡಿ ಓಡುವ ಆ ಊರಿನಲ್ಲಿ, ನಮ್ಮ ಮನೆಯವರ ನಿಯಮ ಪಾಲಿಸುವ ಒಂದೇ ಒಂದು ಗಾಡಿ ಇತ್ತು, ಅದರಲ್ಲೇ ನಾವು ಕೂತಿದ್ದೆವು.

ಹತ್ತು ನಿಮಿಷ ಕೂತೆವು. ಇಬ್ಬರು ಬಂದರು. ಮತ್ತೆ ಹತ್ತು ನಿಮಿಷ ಕೂತೆವು. ಒಂದು ಸಂಸಾರ ಬಂದು ರೇಟು ಕೇಳಿ ಐಸ್‌ಕ್ರೀಂ ಕಡೆಗೆ ಹೋಯಿತು. ಬಿಸಿಲು ಕೆಂಪಗಾಯಿತು. ದೋಣಿಯವನು ಎದ್ದು, ಮೈ ಮುರಿದು, ನಮ್ಮ ಕಡೆ ನೋಡಿ ಕೈ ಆಡಿಸಿದ, ಇಳಿಯಿರಿ ಅನ್ನುವಂತೆ. ಮುಂದಿನ ಸಾಲಿನವರು ಎದ್ದರು. ನಾನು ಏಳಲಿಲ್ಲ. ನಿಂತಿರುವ ದೋಣಿಯಲ್ಲಿ ಕೂತದ್ದನ್ನು ಕೂತದ್ದು ಅಂತ ಹೇಳಬಹುದೇ ಎಂದು ಯೋಚಿಸುತ್ತಿದ್ದೆ. ಗುಲನಾಜ ಒಪ್ಪುವವಳಲ್ಲ.

ಆಗ ಮೇಲಿನ ಮೆಟ್ಟಿಲಲ್ಲಿ ಗದ್ದಲವಾಯಿತು. ನಮ್ಮವರು ಏದುಸಿರು ಬಿಡುತ್ತ ಬರುತ್ತಿದ್ದರು, ಹಿಂದೆ ಹೆಲ್ಮೆಟ್ ಕೈಯಲ್ಲಿ ಹಿಡಿದ ಜಗದೇವ.

"ವೈನಿ, ಮನಿಗೆ ನಡೀರಿ, ನಮ್ಮಾಕಿ ರೊಟ್ಟಿಗೆ ಎಸರಿಟ್ಟು ಕುಂತಾಳ!" ಎಂದು ಜಗದೇವ ದೂರದಿಂದಲೇ ಕೂಗಿದ.

ನಾನು ದೋಣಿಯ ಕಂಬಿ ಹಿಡಿದುಕೊಂಡು, "ಇದು ಹೋಗಿ ಬಂದ ಮ್ಯಾಲ" ಅಂದೆ.

"ಹೋಗೂದಿಲ್ಲಂತ ಅಪ್ಪಾ! ಇನ್ನಾ ಎಂಟು ಸೀಟು ಬೇಕಂತ!" ಅಂದಳು ಅನುರಾಧಾ.

ನಮ್ಮವರು ನಿಂತರು. ದೋಣಿ ನೋಡಿದರು. ಹಗ್ಗ ಹಿಡಿದವನನ್ನು ನೋಡಿದರು. ನನ್ನ ಮುಖವನ್ನೂ ನೋಡಿದರು. ಹೈದರಾಬಾದಿಗೆ ಬಂದಾಗಿನಿಂದ ಮೊದಲ ಬಾರಿ ಅವರಿಗೆ ಏನು ಮಾಡಬೇಕೆಂದು ಗೊತ್ತಿತ್ತು.

ಟವೆಲ್ಲನ್ನು ಹೆಗಲಿಂದ ತೆಗೆದು ಜಗದೇವನ ಕೈಗೆ ಕೊಟ್ಟರು. ಮೆಟ್ಟಿಲ ತುದಿಗೆ ಹೋಗಿ ನಿಂತು, ಒಂದು ಕೈ ಸೊಂಟದ ಮೇಲಿಟ್ಟು, ಕಡಗಂಚಿ ಕ್ರಾಸಿನಿಂದ ಯೂನಿವರ್ಸಿಟಿಯ ಗೇಟಿನ ತನಕ ಕೇಳುವ ಆ ದನಿ ತೆಗೆದರು:

"ಬರ್ರಿ ಬರ್ರಿ ಬರ್ರಿ! ಬುದ್ಧ, ಬುದ್ಧ, ಬುದ್ಧ! ಏಕೀಚ್ ಸೀಟ್! ಇನ್ನೊಂದೇ ಸೀಟು, ಹೊಂಟೆ!"

ಐಸ್‌ಕ್ರೀಂ ತಿನ್ನುತ್ತಿದ್ದವರು ತಿರುಗಿದರು. ಮನೆಗೆ ಹೊರಟಿದ್ದವರು ನಿಂತರು. ಒಂದೇ ಸೀಟು ಉಳಿದಿದೆ ಅಂದರೆ ಜನಕ್ಕೆ ಅದೇ ಬೇಕಾಗುತ್ತದೆ, ಅದು ಆಳಂದದಲ್ಲೂ ಹಾಗೆ, ಹೈದರಾಬಾದಿನಲ್ಲೂ ಹಾಗೆ. ಆ ರೇಟು ಕೇಳಿ ಹೋದ ಸಂಸಾರ ಐಸ್‌ಕ್ರೀಂ ಸಮೇತ ಓಡಿ ಬಂತು, ನಾಲ್ಕು ಜನ. "ಏಕೀಚ್ ಸೀಟ್ ಬೋಲೇ?" ಎಂದು ಆ ಮನೆಯ ಯಜಮಾನ ಒಳಗೆ ಖಾಲಿ ಸಾಲು ನೋಡಿ ಕೇಳಿದ. "ನಿಮ್ಮ ಹಿಂದ ಒಂದು" ಅಂದರು ನಮ್ಮವರು, ಸ್ವಲ್ಪವೂ ನಾಚದೆ. ಆಮೇಲೆ ಇಬ್ಬರು ಕಾಲೇಜು ಹುಡುಗಿಯರು. ಎದ್ದಿದ್ದವರು ತಿರುಗಿ ಕೂತರು. ದೋಣಿಯವನು ಫೋನನ್ನು ಕಿಸೆಗೆ ಹಾಕಿ ನಮ್ಮವರನ್ನು ಬಾಯಿ ಬಿಟ್ಟು ನೋಡುತ್ತಿದ್ದ.

"ಔರ್ ದೋ" ಎಂದ.

ನಮ್ಮವರು ಇನ್ನೊಮ್ಮೆ ಬಾಯಿ ತೆರೆದವರು, ಮುಚ್ಚಿದರು. ಟಿಕೆಟ್ ಕಿಟಕಿಗೆ ಹೋಗಿ, ಎಷ್ಟು ಅಂತ ಕೂಡ ಕೇಳದೆ, ಎರಡು ಟಿಕೆಟ್ ತೆಗೆದರು. ಬೆಲೆ ಕೇಳದೆ ಅವರು ದುಡ್ಡು ಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಅನುರಾಧಾ ನನ್ನ ಮೊಣಕೈ ತಿವಿದಳು.

"ಏ ಜಗದೇವ, ಹತ್ತಲೇ."

"ನಾ ಯಾಕಣ್ಣಾ? ಕೋಳಿ..."

"ಕೋಳಿ ಎಲ್ಲಿಗೆ ಹೋಗ್ತದ? ಅದನ್ನ ಕೊಯ್ದಾರಲ್ಲ. ಹತ್ತು."

ದೋಣಿ ಹೊರಟಿತು. ಜಗದೇವ ನನ್ನ ಹಿಂದಿನ ಸೀಟಿನಲ್ಲಿ ಹೆಲ್ಮೆಟ್ಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸ್ವಲ್ಪ ದೂರ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ: "ಯಾರಿಗೂ ಹೇಳಬ್ಯಾಡ್ರಿ ವೈನಿ. ಹನ್ನೆರಡು ವರ್ಷ ಆತು ಈ ಊರಿಗೆ ಬಂದು. ನಾನೂ ಇದ್ರಾಗ ಕುಂತಿಲ್ಲ."

"ಮುಂದಿನ ಭಾನುವಾರ ಆಕೀನೂ ಕರ್ಕೊಂಡು ಬಾ" ಅಂದೆ. "ಬುತ್ತಿ ಹೋಟೆಲಿಂದ ತರಸು."

ಬುದ್ಧ ದೊಡ್ಡವನಾಗುತ್ತ ಬಂದ. ಆಚೆ ದಂಡೆಯಲ್ಲಿ ಬಾಬಾಸಾಹೇಬರ ಮೂರ್ತಿ ಎಲ್ಲ ಕಟ್ಟಡಗಳ ಮೇಲೆ ತಲೆಯೆತ್ತಿ ನಿಂತಿತ್ತು. ಅನುರಾಧಾ ಹೊಸ ಬಳೆಯ ಕೈಯನ್ನು ಕಂಬಿಯ ಮೇಲಿಟ್ಟು ಬಳೆಗಳ ಸಮೇತ ಕೆರೆಯ ಫೋಟೋ ಬೇಕೆಂದು ಅವರಪ್ಪನ ಫೋನು ಕಸಿದುಕೊಂಡಳು. ಅವರಪ್ಪನಿಗೆ ಬುದ್ಧನೂ ಬೇಡ, ಫೋಟೋನೂ ಬೇಡ. ಅವರು ಸಾಲುಗಳನ್ನು ಎಣಿಸಿ ಮುಗಿಸಿ, ದೋಣಿಯವನಿಗೆ ಹೇಳುತ್ತಿದ್ದರು: "ಭಾಯ್, ಆ ಮೂಲ್ಯಾಗ ಇನ್ನಾ ಇಬ್ಬರು ಕುಂಡ್ರತಾರ. ಸುಮ್ಮ ಜಾಗಾ ಹಾಳು."

ನಾನು ಕಣ್ಣು ಮುಚ್ಚಿ ಎಲ್ಲವನ್ನೂ ನೆನಪಿನಲ್ಲಿಟ್ಟುಕೊಂಡೆ. ಅಲ್ಲಾಡುವುದು ಎಷ್ಟು, ಸಪ್ಪಳ ಹೇಗೆ, ವಾಸನೆ ಯಾವುದು. ಕಾಲನ್ನು ನೀರಿಗೆ ಇಡಲಾಗಲಿಲ್ಲ, ಕೈಯ ಮೇಲೆ ನಾಲ್ಕು ಹನಿ ಬಿತ್ತು.

ಜಗದೇವನ ಮನೆಗೆ ಹೋಗಲು ವೇಳೆ ಉಳಿಯಲಿಲ್ಲ. ಅವನ ಹೆಂಡತಿ ಕೋಳಿಯ ಸಾರನ್ನು ಡಬ್ಬಿಯಲ್ಲಿ ಹಾಕಿ ಅವನ ಕೈಯಲ್ಲಿ ಸ್ಟೇಷನ್ನಿಗೆ ಕಳಿಸಿದಳು. ಗಂಟಿನಲ್ಲಿ ಉಳಿದ ಬೆಳಗಿನ ರೊಟ್ಟಿಯನ್ನು ಅದರಲ್ಲಿ ಮುರಿದು ಹಾಕಿ ನಾಲ್ವರೂ ಪ್ಲಾಟ್‌ಫಾರ್ಮಿನಲ್ಲೇ ತಿಂದೆವು. ನಮ್ಮ ರೈಲು ಬಂದಾಗ ಒಳಗೆ ಮೊದಲು ಹತ್ತಿದವರು ನಮ್ಮ ಮನೆಯವರು.

ಮರುದಿನ ಅಂಗನವಾಡಿಯಲ್ಲಿ ಚಿತ್ರಪಟದ ಹತ್ತಿರ ಹೋಗುವ ಮೊದಲೇ ಗುಲನಾಜ ಎದ್ದು ನಿಂತಳು.

"ಟೀಚರ್, ದೋಣಿ ಅಲ್ಲಾಡ್ತದೇನ್ರಿ?"

"ಸ್ವಲ್ಪ ಅಲ್ಲಾಡ್ತದ. ಡಗಡಗ ಅಂತ ಸಪ್ಪಳ ಬರ್ತದ. ಡೀಜಲ್ ವಾಸನಿ ಬರ್ತದ. ಮಂದಿ ತುಂಬೂ ತನಕ ಹೋಗೂದಿಲ್ಲ."

ಗುಲನಾಜ ಚಿತ್ರಪಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಈ ಸಲ ಅವಳ ನೋಟದಲ್ಲಿ ಸಂಶಯವಿರಲಿಲ್ಲ.

"ಹಂಗಾರ ನಾನೂ ಕುಂತೇನ್ರಿ ಟೀಚರ್. ನಿನ್ನಿ ಆಳಂದಕ್ಕ ಹೋಗಾಗ, ಅಮ್ಮೀ ಜೋಡಿ."

ಭಾನುವಾರ ನಮ್ಮವರ ಟಂಟಂ ಓಡಿರಲಿಲ್ಲ, ಬೇರೆ ಯಾರದ್ದೋ ಇರಬೇಕು. ಆದರೆ ತಿದ್ದಲು ನನಗೆ ಮನಸ್ಸಾಗಲಿಲ್ಲ. ಈಗ ಅವಳು ಸಂಜೆ ನಮ್ಮವರ ಗಾಡಿಯ ಹತ್ತಿರ ನಿಂತು, "ಮಾಮಾ, ದೋಣಿ ಯಾವಾಗ ಹೋಗ್ತದ?" ಎಂದು ಕೇಳುತ್ತಾಳೆ. ಅವರು ಏನು ಹೇಳುತ್ತಾರೆಂದು ಕಡಗಂಚಿಯಲ್ಲಿ ಯಾರನ್ನು ಬೇಕಾದರೂ ಕೇಳಿ.